ಬೆಂಬಲವಿಲ್ಲದ ಕಂಪ್ಯೂಟರಿನಲ್ಲಿ ಒಂದು ಪಟ್ಟಾಧಿಕಾರ

ಮೊನ್ನೆ ಅಟ್ಟದಿಂದ ಸೀಗೆಪುಡಿ ಡಬ್ಬ ಇಳಿಸಲು ಏಣಿ ಹತ್ತಿದವನ ಕೈಗೆ ಇನ್ನೂರು ಪುಟದ ಒಂದು ನೋಟ್‌ಬುಕ್ಕು ಸಿಕ್ಕಿತು. ರಟ್ಟಿನ ಮೇಲೆ ನನ್ನದೇ ದುಂಡಕ್ಷರದಲ್ಲಿ ‘ಓಂ ನಮಃ ಶಿವಾಯ’ ಎಂದಿದೆ. ಅದರ ಕೆಳಗೆ ‘ಲಿನಕ್ಸ್’ ಎಂದಿದೆ. ಒಳಗೆ ಪುಟಗಟ್ಟಲೆ ಇಂಗ್ಲಿಷಿನ ಸಣ್ಣಕ್ಷರಗಳು, ಅಡ್ಡಗೆರೆ, ಓರೆಗೆರೆ, ಚುಕ್ಕಿ. ನಡುನಡುವೆ ಕನ್ನಡದಲ್ಲಿ ಟಿಪ್ಪಣಿ: ‘ಇದನ್ನು ಹೊಡೆದ ಮೇಲೆ ಪಾಸ್‌ವರ್ಡ್ ಕೇಳುತ್ತದೆ, ಹೆದರಬಾರದು’. ‘ಇದು ಯಾಕೆ ಅಂತ ಗೊತ್ತಿಲ್ಲ, ಆದರೆ ಹೊಡೆಯಬೇಕು’. ‘ಇದನ್ನು ಮಾತ್ರ ಹೊಡೆಯಲೇಬಾರದು’. ಹೊಡೆಯಬಾರದ್ದನ್ನು ಯಾಕೆ ಅಷ್ಟು ಅಂದವಾಗಿ ಬರೆದು ಕೆಳಗೆ ಎರಡು ಗೆರೆ ಎಳೆದಿಟ್ಟುಕೊಂಡಿದ್ದೆನೋ ಆ ಶಿವನೇ ಬಲ್ಲ. ಡಬ್ಬ ಮರೆತು ಏಣಿಯ ಮೇಲೇ ನಿಂತು ಓದತೊಡಗಿದೆ. ಕೆಳಗಿನಿಂದ ನನ್ನ ಹೆಂಡತಿ ನಾಗಮಣಿ, “ಏನ್ರೀ, ಅಲ್ಲೇ ಮನೆ ಮಾಡ್ಕಂಡ್ರಾ?” ಎಂದಳು. ಅವಳಿಗೂ ಪುಸ್ತಕ ತೋರಿಸಿದೆ. ಅವಳು ಎರಡು ಪುಟ ತಿರುವಿ, “ಅಯ್ಯೋ, ಅತ್ಗೆ ಬಂದಿದ್ರಲ್ಲ, ಆಗಿಂದು,” ಎಂದು ಪುಸ್ತಕ ವಾಪಸು ಕೊಟ್ಟಳು.

ಅತ್ತಿಗೆ ಎಂದರೆ ನನ್ನ ಅಕ್ಕ, ಗೌರಕ್ಕ. ಅವಳ ವಿಷಯಕ್ಕೆ ಬರುವ ಮೊದಲು ನನ್ನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನ ಪೆದ್ದುತನಗಳೆಲ್ಲ ನಿಮಗೆ ಕಟ್ಟುಕತೆ ಅನ್ನಿಸಿಯಾವು.

ನಾನು ಟೈಪಿಂಗ್ ಮೇಷ್ಟ್ರು. ನಂಜನಗೂಡಿನ ರೈಲ್ವೆ ಸ್ಟೇಷನ್ ಕಡೆಯ ಒಂದು ಮಹಡಿಯಲ್ಲಿ ತೊಂಬತ್ತರ ದಶಕದುದ್ದಕ್ಕೂ ಹನ್ನೊಂದು ಟೈಪ್‌ರೈಟರುಗಳು ಒಟ್ಟಿಗೆ ಕುಟ್ಟುತ್ತಿದ್ದ ಸದ್ದು ನಿಮ್ಮಲ್ಲಿ ಯಾರಿಗಾದರೂ ನೆನಪಿದ್ದರೆ, ಅದಕ್ಕೆ ಕಾರಣನಾದವನು ನಾನೇ. ಕೆಳಗಿನ ಬಳೆ ಅಂಗಡಿಯವರು, “ಮೇಷ್ಟ್ರೇ, ನಿಮ್ಮ ಆರೂವರೆ ಬ್ಯಾಚಿಗೆ ನನ್ನ ಗಾಜಿನ ಬಳೆಯೆಲ್ಲ ತಾವೇ ಕುಣೀತಾವೆ,” ಎಂದು ದೂರುತ್ತಿದ್ದರು. ಬೆರಳು ನೋಡದೆ ಹೊಡೆಯಬೇಕು, ಸಾಲಿನ ಮೊದಲಿಗೆ ದೊಡ್ಡಕ್ಷರ ಹಾಕಬೇಕು, ಕೊನೆಗೆ ಚುಕ್ಕಿ ಇಡಬೇಕು, ಚುಕ್ಕಿಯಾದ ಮೇಲೆ ಎರಡು ಜಾಗ ಬಿಡಬೇಕು. ಈ ನಾಲ್ಕು ಮಾತನ್ನು ಸಾವಿರಾರು ಸಲ ಹೇಳಿ ಹೇಳಿ ಅವು ನನ್ನ ಬೆರಳುಗಳೊಳಕ್ಕೆ ಇಳಿದುಬಿಟ್ಟಿವೆ. ಬರುಬರುತ್ತಾ ಬೆರಳಿಗೆ ಗೊತ್ತಿರುವುದು ತಲೆಗೆ ಗೊತ್ತಿಲ್ಲದ ಸ್ಥಿತಿಗೆ ಬಂದೆ. ಯಾರಾದರೂ ‘ಎಸ್’ ಅಕ್ಷರ ಎಲ್ಲಿದೆ ಎಂದರೆ ನಾನು ಗಾಳಿಯಲ್ಲಿ ಬೆರಳಾಡಿಸಿ ನೋಡಿಕೊಂಡೇ ಹೇಳಬೇಕು.

ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷವಾಗುವಷ್ಟರಲ್ಲಿ ಟೈಪ್‌ರೈಟರಿಗೆ ಬರುವವರು ನಿಂತರು. ನಾನೂ ಒಂದು ಕಂಪ್ಯೂಟರ್ ಕೂರಿಸಿಕೊಂಡೆ. ಅದಕ್ಕೆ ವರ್ಷದಲ್ಲಿ ಮೂರು ಸಲ ವೈರಸ್ ಬಡಿಯಿತು. ಆಗ ಸಿಕ್ಕವರು ಪ್ರಭುಸ್ವಾಮಿ. ಟಿ. ನರಸೀಪುರದ ಕಾಲೇಜೊಂದರಲ್ಲಿ ಫಿಸಿಕ್ಸ್ ಲೆಕ್ಚರರು. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಸಿ.ಡಿ. ಇಟ್ಟುಕೊಂಡು ಓಡಾಡುತ್ತಿದ್ದರು. ಕಂಪ್ಯೂಟರ್ ಕಂಡರೆ ಸಾಕು, ಅದರ ಹಳೇ ಸಿಸ್ಟಂ ಕಿತ್ತು ಪುಕ್ಕಟೆ ಸಿಗುವ ಲಿನಕ್ಸಿನ ದೀಕ್ಷೆ ಕೊಡದೆ ಬಿಡುವವರಲ್ಲ. “ಇದು ಸ್ವಾತಂತ್ರ್ಯ ಕಣ್ರೀ ಮೇಷ್ಟ್ರೇ. ಇನ್ಮೇಲೆ ನಿಮಗೆ ವೈರಸ್ಸೇ ಬರಲ್ಲ,” ಎಂದರು.

“ಸಿನಿಮಾ ಬರ್ತದಾ ಸಾರ್?” ಎಂದೆ.

“ಅದು ಸ್ವಲ್ಪ ನಿಧಾನಕ್ಕೆ ನೋಡಣ,” ಎಂದರು.

ಅವರ ಮಾತು ಸುಳ್ಳಾಗಲಿಲ್ಲ. ವೈರಸ್ಸೂ ಬರಲಿಲ್ಲ, ಸಿನಿಮಾನೂ ಬರಲಿಲ್ಲ. ಇಂಟರ್ನೆಟ್ಟಿನಲ್ಲಿ ಎಲ್ಲಿ ವಿಡಿಯೊ ಒತ್ತಿದರೂ ಕಪ್ಪು ಚೌಕದೊಳಗೆ ಒಂದು ಇಂಗ್ಲಿಷ್ ವಾಕ್ಯ ಬರುತ್ತಿತ್ತು. ನಿಮ್ಮ ಸಿಸ್ಟಂಗೆ ನಮ್ಮ ಬೆಂಬಲವಿಲ್ಲ ಎಂಬುದು ಅದರ ಸಾರಾಂಶ. ನನಗೆ ತಿಳಿದ ಬೆಂಬಲವೆಂದರೆ ಪಂಚಾಯ್ತಿ ಮೆಂಬರುಗಳು ಅಧ್ಯಕ್ಷರಿಗೆ ಕೊಟ್ಟು, ಆಮೇಲೆ ವಾಪಸು ತೆಗೆದುಕೊಳ್ಳುವಂಥದ್ದು. ನಾನು ಯಾರಿಗೆ ಏನು ದ್ರೋಹ ಮಾಡಿದೆನೆಂದು ಇವರು ಬೆಂಬಲ ವಾಪಸು ತೆಗೆದರು ಎಂದು ತಲೆ ಕೆಡಿಸಿಕೊಂಡು ಪ್ರಭುಸ್ವಾಮಿಯವರನ್ನೇ ಕೇಳಿದೆ. “ಬೆಂಬಲ ಇಲ್ಲ ಅಂದ್ರೆ ಬರೋದೇ ಇಲ್ಲ ಅಂತ ಅರ್ಥ ಅಲ್ಲ. ಬಂದ್ರೂ ಅವರು ಜವಾಬ್ದಾರರಲ್ಲ, ಬರದಿದ್ರೂ ಅವರು ಜವಾಬ್ದಾರರಲ್ಲ, ಅಷ್ಟೆ,” ಎಂದರು. ನನಗೆ ಮೊದಲು ಒಂದಿಷ್ಟು ಅರ್ಥವಾಗಿದ್ದದ್ದೂ ಆ ವಿವರಣೆಯಿಂದ ಹೊರಟುಹೋಯಿತು.

ಇಷ್ಟರಲ್ಲಿ ಅಕ್ಕ ಬಂದಳು.

ನಮ್ಮ ಹುಟ್ಟೂರು ನಂಜನಗೂಡಿನ ಹತ್ತಿರದ ಹದಿನಾರು, ಊರಿನ ಹೆಸರೇ ಅದು. ನಾವು ಚಿಕ್ಕವರಿದ್ದಾಗ ಪಕ್ಕದ ಮನೆಯ ಟೀವಿ ನೋಡಲು ಅರ್ಧ ಬೀದಿ ಸೇರುತ್ತಿತ್ತು. ಆ ಮನೆಯ ಸೂರಿನ ಮೇಲಿನ ಆಂಟೆನಾ ಗಾಳಿಗೆ ತಿರುಗಿಬಿಡುತ್ತಿತ್ತು. ಅದನ್ನು ಸರಿಯಾದ ಕಡೆಗೆ ಹಿಡಿದು ನಿಲ್ಲುವ ಕೆಲಸ ಗೌರಕ್ಕನದು. ಕೆಳಗಿನಿಂದ ನಾನು, “ಬಂತು, ಬಂತು! ಅಯ್ಯೋ, ಓಯ್ತು ಕಣಕ್ಕ!” ಎಂದು ಕೂಗುತ್ತಿದ್ದೆ. ಭಾನುವಾರದ ಎಷ್ಟೋ ಸಿನಿಮಾಗಳನ್ನು ಊರೆಲ್ಲ ನೋಡಿತು, ಕಂಬ ಹಿಡಿದ ಅವಳು ನೋಡಲಿಲ್ಲ. ಕತೆ ಏನಾಯಿತೆಂದು ಕೆಳಗಿಳಿದ ಮೇಲೆ ನನ್ನನ್ನು ಕೇಳುವಳು. ನಾನು ಅರ್ಧ ನೋಡಿದ್ದು ಅರ್ಧ ಕಟ್ಟಿದ್ದು ಸೇರಿಸಿ ಹೇಳುತ್ತಿದ್ದೆ. ಸತ್ತ ನಾಯಕನನ್ನು ಎಷ್ಟೋ ಸಲ ಬದುಕಿಸಿದ್ದೇನೆ.

ಅವಳನ್ನು ಕೊಟ್ಟದ್ದು ನರಸೀಪುರದ ಕಡೆಯ ಹೆಮ್ಮಿಗೆಗೆ. ಭಾವ ಒಳ್ಳೆಯವರು, ಆದರೆ ಬಾಯಿಂದ ಮಾತು ಬಿದ್ದರೆ ಮುಗಿಯಿತು. ಒಂದು ಸಲ ಉತ್ತರದ ಕಡೆಯ ಮಠವೊಂದರ ದೊಡ್ಡ ಸ್ವಾಮಿಗಳು ಹೆಮ್ಮಿಗೆಗೆ ಪಾದಪೂಜೆಗೆ ಬಂದರು. ಅಕ್ಕನ ಮಗ ಮಲ್ಲು, ಆಗ ನಾಲ್ಕನೇ ಕ್ಲಾಸು, ಅವರ ಮುಂದೆ ಕೂತು ಹತ್ತು ವಚನ ತಡವರಿಸದೆ ಹೇಳಿದ. ಸ್ವಾಮಿಗಳು, “ಈ ಮಗು ಮಠಕ್ಕೆ ಬೇಕಲ್ಲಪ್ಪ,” ಎಂದರು. ಭಾವ ಅಲ್ಲೇ ಅಡ್ಡಬಿದ್ದು, “ಪರಸಾದ ಬುದ್ಧಿ, ಕರ್ಕಂಡೋಗಿ,” ಎಂದುಬಿಟ್ಟರು. ಒಂದು ತಿಂಗಳಲ್ಲಿ ಹುಡುಗ ಬಿಳಿ ಪಂಚೆಯುಟ್ಟು, ಮುಂದೆ ಸ್ವಾಮಿಯಾಗಬೇಕಾದ ‘ಮರಿ’ಯಾಗಿ ಮಠ ಸೇರಿದ. ಅಕ್ಕ ವರ್ಷಕ್ಕೊಮ್ಮೆ ಭಕ್ತರ ಬಸ್ಸಿನಲ್ಲಿ ಹೋಗಿ ಸಾಲಿನಲ್ಲಿ ನಿಂತು ದೂರದಿಂದ ನೋಡಿಕೊಂಡು ಬರುತ್ತಿದ್ದಳು.

ನಮ್ಮ ಕಡೆಯ ಪದ್ಧತಿ ನಿಮಗೆ ತಿಳಿದೇ ಇರುತ್ತದೆ, ಆದರೂ ಹೇಳುತ್ತೇನೆ. ಸ್ವಾಮಿಗಳನ್ನು ನಾವು ‘ಬುದ್ಧಿ’ ಎಂದೇ ಕರೆಯುವುದು. ಕಾವಿ ಕಂಡರೆ ಕುಳಿತವರು ಏಳಬೇಕು, ಅಡ್ಡ ಬೀಳಬೇಕು. ಅವರೆದುರು ಸಮಕ್ಕೆ ಕೂರುವಂತಿಲ್ಲ. ಮರಿಯಾಗಿ ಬಿಳಿಯಲ್ಲಿ ಇರುವವರೆಗೆ ಸ್ವಲ್ಪ ಸಡಿಲ, ಪಟ್ಟವಾಗಿ ಕಾವಿ ಬಿದ್ದ ಮೇಲೆ ಹೆತ್ತವರಿಗೂ ರಿಯಾಯಿತಿ ಇಲ್ಲ. ಹೆತ್ತವಳೂ ಬುದ್ಧಿ ಅನ್ನಬೇಕು, ಹೆತ್ತವಳೂ ಬೀಳಬೇಕು.

ಅವತ್ತು ಅಕ್ಕ ನರಸೀಪುರದ ಬಸ್ಸಿನಿಂದ ಇಳಿದು ಬದನೆಕಾಯಿ ಚೀಲ ನಾಗಮಣಿಯ ಕೈಗೆ ಕೊಟ್ಟು, ನೀರು ಕೂಡ ಕುಡಿಯದೆ ನನ್ನ ಮುಂದೆ ಕೂತಳು.

“ಮಲ್ಲೂಗೆ ಪಟ್ಟ ಕಟ್ತಾರಂತೆ ಕಣ್ಲಾ. ಶ್ರಾವಣದ ಎರಡ್ನೇ ಸೋಮ್ವಾರ. ದೊಡ್ಡ ಬುದ್ದೇರು ಯೇಳ್ಕಳ್ಸವ್ರೆ, ತಾಯಿ ಆವತ್ತು ಬರೋದ್ ಬ್ಯಾಡ, ಎದುರ್ಗೆ ನಿಂತ್ರೆ ಹುಡ್ಗನ ಮನ್ಸು ಅಳ್ಳಾಡ್ತದೆ, ಆಮ್ಯಾಕೆ ಭಕ್ತರ ಜೊತೇಲಿ ಬರ್ಲಿ ಅಂತ. ಕಂಪ್ಯೂಟ್ರಲ್ಲಿ ಬತ್ತದೆ, ಅಲ್ಲೇ ಕುಂತು ನೋಡ್ಲಿ ಅಂದ್ರಂತೆ. ನಿನ್ನತ್ರ ಅದೆಯಲ್ಲ, ತೋರ್ಸು ನಂಗೆ.”

ಸಿನಿಮಾ ಕತೆ ಬಿಟ್ಟರೆ ಅಕ್ಕ ನನ್ನನ್ನು ಏನೂ ಕೇಳಿದವಳಲ್ಲ. ಕೇಳಿದ್ದು ಇದೊಂದು, ಅದೂ ನನ್ನ ಕೈಲಿ ಆಗದ ಕೆಲಸ. “ಅಕ್ಕ, ನನ್ನ ಕಂಪ್ಯೂಟರ್‌ಗೆ ಬೆಂಬಲ ಇಲ್ಲ,” ಎಂದೆ.

“ಯಾರ್ದು?”

“ಅದೇ... ವಿಡಿಯೊದೋರ್ದು.”

“ಅವ್ರ್ ಬೆಂಬ್ಲ ತಕ್ಕಂಡ್ ನಾನೇನ್ ಎಲೆಕ್ಷನ್‌ಗೆ ನಿಂತ್ಕತೀನಾ? ಒಂದ್ಸಲ ಮಗನ ಮುಖ ನೋಡ್ಬೇಕು, ಅಷ್ಟೆ. ಕಾವಿ ಬಿದ್ಮ್ಯಾಕೆ ನಾನು ತಲೆ ಎತ್ತಿ ನೋಡಕ್ಕಾಯ್ತದಾ?”

ಸೈಬರ್ ಸೆಂಟರಿಗೆ ಹೋಗೋಣ ಎಂದೆ. “ಬೀದೀಲಿ ಕುಂತು ಅಳ್ಲಾ?” ಎಂದಳು. ಭಾವ ಬರುವುದಿಲ್ಲವಾ ಎಂದು ನಾಗಮಣಿ ಕೇಳಿದಳು. “ಅವ್ರು ನಾಟಿ ಅಂತಾರೆ. ಕೊಟ್ಮ್ಯಾಕೆ ನೋಡೋದೇನು ಅಂತಾರೆ,” ಎಂದಳು ಅಕ್ಕ.

ಪಟ್ಟಕ್ಕೆ ಹದಿನೆಂಟು ದಿನವಿತ್ತು. ಪ್ರಭುಸ್ವಾಮಿಯವರಿಗೆ ಫೋನು ಮಾಡಿ ಅಂಗಲಾಚಿದೆ. ಅವರಿಗೆ ಇದು ಧರ್ಮಯುದ್ಧವೇ ಆಯಿತು. ದಿನಾ ಸಂಜೆ ಫೋನಿನಲ್ಲಿ ಒಂದೊಂದು ಸಾಲು ಹೇಳುವರು. ನಾನು ಈ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವೆನು, ಆಮೇಲೆ ಗಂಡುಗಲಿಯ ಹಾಗೆ ಕುಟ್ಟುವೆನು. ಒಂದೂ ಓಡದು. “ಅಂಥ ಆಜ್ಞೆ ಇಲ್ಲ” ಎಂದು ಕಂಪ್ಯೂಟರ್ ಇಂಗ್ಲಿಷಿನಲ್ಲಿ ಹೇಳುವುದು. ಐದು ದಿನ ಹೀಗೇ ಆಯಿತು. ಆರನೆಯ ದಿನ ಅವರು ಖುದ್ದಾಗಿ ಬಸ್ಸು ಹತ್ತಿ ಬಂದು ನನ್ನ ಬೆನ್ನ ಹಿಂದೆ ನಿಂತು ನೋಡಿದರು.

“ಮೇಷ್ಟ್ರೇ, ಮೊದಲಕ್ಷರ ಯಾಕೆ ದೊಡ್ಡದು ಹಾಕ್ತಾ ಇದ್ದೀರಿ?”

“ಸಾಲಿನ ಶುರು ಅಲ್ವಾ ಸಾರ್!”

“ಕೊನೇಲಿ ಚುಕ್ಕಿ ಯಾಕೆ?”

“ಸಾಲು ಮುಗೀತಲ್ಲ!”

ಅವರು ಹಣೆ ಹಣೆ ಚಚ್ಚಿಕೊಂಡರು. ಲಿನಕ್ಸಿಗೆ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಚುಕ್ಕಿ ಬಿದ್ದರೆ ಇಡೀ ಸಾಲೇ ಬೇರೆಯಂತೆ. ಹತ್ತು ಹದಿನೈದು ವರ್ಷ ಮಕ್ಕಳ ಬೆರಳಿಗೆ ಸ್ಕೇಲಿನಲ್ಲಿ ತಟ್ಟಿ ಕಲಿಸಿದ ಶಿಸ್ತೆಲ್ಲ ಇಲ್ಲಿ ಅಪರಾಧವಾಗಿ ನಿಂತಿತು. ಸಣ್ಣಕ್ಷರದಲ್ಲಿ ಸಾಲು ಶುರುಮಾಡುವಾಗ ಬರಿಮೈಯಲ್ಲಿ ಪೇಟೆಗೆ ಹೊರಟಷ್ಟು ನಾಚಿಕೆಯಾಗುತ್ತಿತ್ತು. ಅಂತೂ ಅವರು ಎದುರಿಗಿದ್ದು ಮಾಡಿಸಿದರು. ಅದೇನೇನೋ ಇಳಿಯಿತು, ಅದೇನೇನೋ ಏರಿತು. ಕೊನೆಗೆ ಪರೀಕ್ಷೆಗೆಂದು ಒಂದು ಹಳೆಯ ಕಪ್ಪುಬಿಳುಪಿನ ತುಣುಕು ಹಾಕಿದರು. ಟೋಪಿಯವನೊಬ್ಬ ಓಡುತ್ತ ಬಂದು ಜಾರಿ ಬಿದ್ದ. ನಾನೂ ನಾಗಮಣಿಯೂ ಚಪ್ಪಾಳೆ ತಟ್ಟಿದೆವು. ಅವನನ್ನು ಏಳು ಸಲ ಬೀಳಿಸಿ ನೋಡಿದೆವು. ಅಷ್ಟು ಖುಷಿಯಲ್ಲಿ ಬಣ್ಣದ ತುಣುಕೊಂದನ್ನೂ ಹಾಕಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆ ಸೋಮವಾರ ಅಕ್ಕ ಮೊದಲ ಬಸ್ಸಿಗೇ ಬಂದಳು. ಮಡಿಯುಟ್ಟಿದ್ದಳು, ಏನೂ ತಿಂದಿರಲಿಲ್ಲ. ನಾಗಮಣಿ ಮೇಜು ತೊಳೆದು, ಮಾನಿಟರ್ ಒರೆಸಿ, ಅದರ ನೆತ್ತಿಗೆ ಮೂರು ಬೆರಳಿನ ವಿಭೂತಿ ಎಳೆದು ಒಂದು ದಾಸವಾಳ ಸಿಕ್ಕಿಸಿದಳು. ನನ್ನ ಕುರ್ಚಿಯ ಪಕ್ಕ ಅಕ್ಕನಿಗೆ ಚಾಪೆ ಹಾಕಿದರೆ ಅವಳು ಅದನ್ನೆಳೆದುಕೊಂಡು ಹೋಗಿ ಬೀರುವಿನ ಮರೆಯಲ್ಲಿ ಗೋಡೆಗೊರಗಿ ಕೂತಳು. ಅಲ್ಲಿಂದ ಮಾನಿಟರಿನ ಬೆನ್ನು ಮಾತ್ರ ಕಾಣುತ್ತದೆ.

“ಅಲ್ಲೇನ್ ಕಾಣ್ತದಕ್ಕ? ಮುಂದೆ ಬಾ.”

“ಅವ್ನ್ ನನ್ ನೋಡ್ಬುಟ್ರೆ? ಎದುರ್ಗೆ ನಿಲ್ಲಲ್ಲ ಅಂತ ಬುದ್ದೇರ್ಗೆ ಮಾತ್ ಕೊಟ್ಟಿವ್ನಿ.”

“ಅವನಿಗೆ ನೀನು ಕಾಣಲ್ಲ. ನಮಗೆ ಮಾತ್ರ ಅವನು ಕಾಣ್ತಾನೆ.”

“ನೇರಪ್ರಸಾರ ಅಂತಾರೆ. ನೇರ ಅಂದ್ಮ್ಯಾಕೆ ಅತ್ಲಗಿಂದ್ಲೂ ನೇರ, ಇತ್ಲಗಿಂದ್ಲೂ ನೇರ ಅಲ್ವೇನೋ?”

ಅವಳು ಹಾಗೆ ಕೇಳಿದ್ದೇ ನನಗೂ ಅನುಮಾನ ಹತ್ತಿತು. ಇಷ್ಟು ದಿನ ಇದರಲ್ಲಿ ನಾನು ಅಂದುಕೊಂಡದ್ದು ಯಾವುದು ನಿಜವಾಗಿತ್ತು? ಮೊಬೈಲಿನಲ್ಲಿ ಪ್ರಭುಸ್ವಾಮಿಯವರನ್ನು ಹಿಡಿದು, “ಸಾರ್, ನಾವು ಅವರಿಗೆ ಕಾಣ್ತೀವಾ?” ಎಂದು ಕೇಳಿಬಿಟ್ಟೆ. “ಮೇಷ್ಟ್ರೇ, ನಿಮ್ಮ ಕಂಪ್ಯೂಟರ್‌ಗೆ ಕ್ಯಾಮರಾ ಎಲ್ಲಿದೆ?” ಎಂದರು. ಅದನ್ನೇ ಅಕ್ಕನಿಗೆ ಹೇಳಿದೆ. ಅವಳಿಗೆ ನಂಬಿಕೆ ಬರಲಿಲ್ಲ, ಮರೆಯಲ್ಲೇ ಉಳಿದಳು.

ಮಠದ ಪುಟ ತೆರೆದೆ. ಅದೇ ಕಪ್ಪು ಚೌಕ, ಅದೇ ಬೆಂಬಲವಿಲ್ಲದ ವಾಕ್ಯ. ಇದು ಪ್ರಭುಸ್ವಾಮಿಯವರಿಗೆ ಮೊದಲೇ ತಿಳಿದಿತ್ತು. ಪುಟದ ಹೊಟ್ಟೆಯೊಳಗಿಂದ ವಿಡಿಯೊದ ನೇರ ವಿಳಾಸವನ್ನೇ ಹೆಕ್ಕಿ ಇಟ್ಟುಕೊಂಡಿದ್ದರು. ಅಕ್ಷರ, ಅಂಕಿ, ಚುಕ್ಕಿ, ಓರೆಗೆರೆ ಎಂದು ಒಂದೊಂದೇ ಹೇಳಿದರು. ನಾನು ಕುಟ್ಟಿದೆ. ಸಿಗಲಿಲ್ಲ. ಮತ್ತೆ ಹೇಳಿದರು, ಮತ್ತೆ ಕುಟ್ಟಿದೆ. ಸಿಗಲಿಲ್ಲ. ಹತ್ತಕ್ಕೆ ಶುರುವೆಂದು ಆಹ್ವಾನ ಪತ್ರಿಕೆಯಲ್ಲಿತ್ತು. ಹತ್ತೂಕಾಲಾಯಿತು, ಹತ್ತೂವರೆಯಾಯಿತು. “ನನಗಿಲ್ಲಿ ಬರ್ತಾ ಇದೆ ಕಣ್ರೀ, ಕಲಶ ತಂದರು,” ಎನ್ನುತ್ತಾರೆ ಅವರು ನರಸೀಪುರದಿಂದ. ಬೀರುವಿನ ಮರೆಯಿಂದ ಅಕ್ಕ, “ಬಂತೇನೋ?” ಎಂದಳು. ಇನ್ನೂ ಸ್ವಲ್ಪ ಹೊತ್ತಿಗೆ, “ಬಂತೇನಪ್ಪ?” ಎಂದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ಆ ಡಬ್ಬವನ್ನು ಎತ್ತಿ ಕಪಿಲಾ ಹೊಳೆಗೆ ಹಾಕಿಬಿಡಲೇ ಅನ್ನಿಸಿತು.

“ಮೇಷ್ಟ್ರೇ, ಒಂದ್ ನಿಮಿಷ,” ಎಂದರು ಪ್ರಭುಸ್ವಾಮಿ. “ಒಂದು ಅನ್ನೋ ಅಂಕಿಗೆ ನೀವು ಯಾವ ಕೀ ಒತ್ತುತೀರಿ?”

“ಯಾವ್ದು ಅಂದ್ರೆ? ಬಲಗೈ ಉಂಗುರ ಬೆರಳು.”

“ಅಯ್ಯೋ ನಿಮ್ಮ! ಅದು ಎಲ್ ಅಕ್ಷರ ಕಣ್ರೀ!”

ಓದುಗರೇ, ತಪ್ಪು ನನ್ನದಲ್ಲ. ನಮ್ಮ ಹಳೆಯ ಟೈಪ್‌ರೈಟರುಗಳಲ್ಲಿ ಒಂದು ಎಂಬ ಅಂಕಿಗೆ ಕೀಲಿಯೇ ಇರಲಿಲ್ಲ. ಸಣ್ಣ ಎಲ್ ಅಕ್ಷರವನ್ನೇ ಒಂದು ಎಂದು ಹೊಡೆಯುತ್ತಿದ್ದೆವು. ನೋಡಲು ಎರಡೂ ಒಂದೇ ತರ. ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿನ ಎಷ್ಟು ಮಂದಿ ಗುಮಾಸ್ತರು ನನ್ನ ಮಾತು ನಂಬಿ ಇವತ್ತಿಗೂ ಹಾಗೇ ಹೊಡೆಯುತ್ತಿದ್ದಾರೋ ಏನೋ! ಇಡೀ ವಿಳಾಸವನ್ನು ಅಳಿಸಿ, ಬೆರಳು ನೋಡಿಕೊಂಡು, ಒಂದನೇ ಕ್ಲಾಸಿನ ಹುಡುಗನ ಹಾಗೆ ಒಂದೊಂದೇ ಕೀಲಿ ಹುಡುಕಿ ಒತ್ತಿದೆ.

ಮೊದಲು ಓಲಗದ ಸದ್ದು ಬಂತು. ಅಕ್ಕ ಎದ್ದು ನಿಂತಳು. ಆಮೇಲೆ ಚಿತ್ರ ಬಂತು.

ವೇದಿಕೆ, ಬಾಳೆಕಂದು, ಮಾವಿನ ತೋರಣ, ನಡುವೆ ಪೀಠದ ಮೇಲೆ ಮಲ್ಲು. ಕಲಶದ ನೀರು ತಲೆಯಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಆ ಮುಖಕ್ಕೆ ಮೀಸೆ ಚಿಗುರಿತ್ತು. ಆದರೆ ಮುಖ ನೀಲಿ. ಕೈ ನೀಲಿ, ತುಟಿ ನೀಲಿ. ಮೈಮೇಲಿನ ಬಟ್ಟೆ ಆಕಾಶದ ಹಾಗೆ ನೀಲಿ. ಪಕ್ಕದಲ್ಲಿ ಕೂತಿದ್ದ ದೊಡ್ಡ ಸ್ವಾಮಿಗಳೂ ನೀಲಿ. ನಾನು ಕಣ್ಣುಜ್ಜಿಕೊಂಡೆ, ಕನ್ನಡಕ ಒರೆಸಿದೆ, ಮಾನಿಟರಿನ ತಲೆಗೆ ಮೆಲ್ಲಗೆ ಎರಡು ಏಟು ಕೊಟ್ಟೆ. ದಾಸವಾಳ ಉದುರಿತೇ ಹೊರತು ಬಣ್ಣ ಬದಲಾಗಲಿಲ್ಲ.

ಅಷ್ಟರಲ್ಲಿ ಅಕ್ಕ ಮಾತು ಕೊಟ್ಟದ್ದನ್ನೆಲ್ಲ ಮರೆತು ಬೀರುವಿನ ಮರೆಯಿಂದ ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. “ಅಯ್ಯೋ ನನ್ನಪ್ಪ! ಮಗೀಗೆ ಏನಾಯ್ತ್ಲಾ? ಮೈಯೆಲ್ಲ ನೀಲಿಗಟ್ಟದಲ್ಲೋ! ತಣ್ಣೀರ್ ಉಯ್ದು ಕೂರ್ಸವ್ರಾ? ಹುಳುಪಟೆ ಏನಾರ ಮುಟ್ತೋ? ಅಲ್ಲಿರೋರ್ಗೆ ಯಾರ್ಗೂ ಕಣ್ಣಿಲ್ವಾ?” ಅವಳ ಕೈ ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದಿತ್ತು.

“ಏನೂ ಆಗಿಲ್ಲಕ್ಕ, ಸುಮ್ಕಿರು,” ಎಂದೆ. ಏನಾಗಿದೆಯೆಂದು ನನಗೇ ಗೊತ್ತಿರಲಿಲ್ಲ. ಬಾಳೆ ಎಲೆ ಹಸುರಾಗೇ ಇದೆ, ವಿಭೂತಿ ಬೆಳ್ಳಗೇ ಇದೆ, ಮನುಷ್ಯರು ಮಾತ್ರ ಯಾಕೆ ಹೀಗೆ? ಆಗ ನಾಗಮಣಿ, “ಚೆಂಡೂವಿನ ಹಾರ ನೋಡಿ ಅತ್ಗೆ,” ಎಂದಳು. ಅದೂ ನೀಲಿ.

ಅಕ್ಕ ಹಾರವನ್ನು ದಿಟ್ಟಿಸಿದಳು. ಹೊಲ ಗೇದು ಉಂಡ ಹೆಂಗಸು ಅವಳು. “ಚೆಂಡೂವ ಯಾವೂರಲ್ಲಿ ನೀಲಿ ಬಿಡ್ತದೆ?” ಎಂದಳು. ಅವಳ ಕೈ ಹಿಡಿತ ಸ್ವಲ್ಪ ಸಡಿಲಾಯಿತು. “ಅಂಗಾರೆ ನಿನ್ನ ಪೆಟ್ಗೆದೇ ಕೇಡು.”

ಫೋನಿನಲ್ಲಿ ಪ್ರಭುಸ್ವಾಮಿ ನಕ್ಕರು. “ನನ್ನಲ್ಲಿ ಸರಿಯಾಗಿದೆ. ನಿಮ್ಮ ಕಂಪ್ಯೂಟರಲ್ಲಿ ಚಿತ್ರ ತೋರಿಸೋ ಕಾರ್ಡಿಗೆ ಕೆಂಪು, ನೀಲಿ ಅದಲುಬದಲಾಗಿದೆ ಮೇಷ್ಟ್ರೇ. ಸೆಟ್ಟಿಂಗ್ ತೆಗೀರಿ. ಎರಡನೇ ಸಾಲಲ್ಲಿ ಒಂದು ಸಣ್ಣ ಚೌಕ ಇದೆಯಲ್ಲ, ಅದರ ಟಿಕ್ ತೆಗೆದುಬಿಡಿ. ಒಂದು ಸಲ ಕಪ್ಪಾಗಿ ಮತ್ತೆ ಬರ್ತದೆ, ಬಣ್ಣ ಸರಿಹೋಗ್ತದೆ.”

ಸದ್ಯ, ಇಷ್ಟೇ ಅಲ್ಲವೇ ಎಂದು ನಾನು ಸೆಟ್ಟಿಂಗ್ ತೆಗೆದು ಆ ಚೌಕದ ಮೇಲೆ ಬಾಣ ತಂದು ನಿಲ್ಲಿಸಿದೆ. “ಅಕ್ಕ, ಈಗ ನೋಡು, ಒಂದೇ ಏಟಿಗೆ ಸರಿಮಾಡ್ತೀನಿ.”

“ಅವ್ನ್ ಕಾವಿ ಉಟ್ಟವ್ನಾ ಈಗ?”

“ಉಟ್ಟವ್ನೆ. ನಮಗೆ ಕಾಣ್ತಿಲ್ಲ ಅಷ್ಟೆ.”

“ಸರಿಮಾಡಿದ್ರೆ ಕಾಣ್ತದಾ?”

“ಕಾಣ್ತದೆ.”

ಅವಳು ನನ್ನ ಮಣಿಕಟ್ಟು ಹಿಡಿದಳು. “ಬ್ಯಾಡ. ಇರು.”

“ಯಾಕಕ್ಕ? ಮುಖದ ಬಣ್ಣ ಸರಿಯಾಗಿ ಕಾಣೋದು ಬೇಡ್ವಾ?”

“ಕಾವಿ ಕಂಡ್ರೆ ನಾನ್ ಏಳ್ಬೇಕಲ್ಲೋ,” ಎಂದಳು. “ಬಿದ್ಬುಟ್ರೆ ನೆಲ ಕಾಣ್ತದೆ, ಮುಖ ಎಲ್ ಕಾಣ್ತದೆ? ಒಂದ್ಗಳ್ಗೆ ಕುಂತ್ಕಂಡ್ ನೋಡ್ತೀನಿ.”

ನಾನು ಕುರ್ಚಿ ಬಿಟ್ಟುಕೊಟ್ಟೆ. ಅಕ್ಕ ಅದರಲ್ಲಿ ಕೂತಳು. ಮಗನ ಎದುರಿಗೆ, ಸಮಸಮಕ್ಕೆ, ಬೆನ್ನು ಒರಗಿಸಿ ಕೂತಳು. ಸೆರಗು ತಲೆಯಿಂದ ಜಾರಿದ್ದನ್ನು ಎಳೆದುಕೊಳ್ಳಲೂ ಇಲ್ಲ. ನಾಗಮಣಿ ಮೂಗೊರೆಸಿಕೊಳ್ಳುತ್ತ ಒಳಗೆ ಹೋದಳು. ನಾನು ಫೋನು ಕಿವಿಗಿಟ್ಟುಕೊಂಡೇ ಬಗ್ಗಿ, ಉದುರಿದ್ದ ದಾಸವಾಳ ಎತ್ತಿಕೊಂಡೆ.

ನೀಲಿ ಮಲ್ಲು ಆಗಾಗ ಕಣ್ಣು ಮಿಟುಕಿಸುತ್ತಿದ್ದ. ಹಣೆಯಿಂದ ನೀರಿಳಿದು ರೆಪ್ಪೆಗೆ ಬೀಳುತ್ತಿತ್ತು. ಒರೆಸಿಕೊಳ್ಳಬಾರದು ಅಂತಿತ್ತೋ ಏನೋ, ಕೈ ಎತ್ತಲಿಲ್ಲ.

“ಒರಸ್ಕಳೋ ತಲೆಯ,” ಎಂದಳು ಅಕ್ಕ ಅವನಿಗೆ. “ಶೀತ ಆಯ್ತದೆ. ಚಿಕ್ಕೋನಿದ್ದಾಗ್ಲೂ ಇಂಗೇ ನೀನು, ಒದ್ದೆ ತಲೇಲೇ ಓಡೋದು. ತಿಂದಿದ್ದೀಯೇನೋ ಬೆಳಗ್ಗೆ? ಏನ್ ಸಣ್ಣಗಾಗಿದ್ದೀಯೋ, ಕುತ್ಗೆ ಮೂಳೆ ಕಾಣ್ತದಲ್ಲೋ ಮಲ್ಲು.” ಹೀಗೆ ಇನ್ನೂ ಏನೇನೋ ಹೇಳಿದಳು. ಹಸು ಕರು ಹಾಕಿದ್ದು, ಅಪ್ಪನಿಗೆ ಮಂಡಿ ನೋವು, ಹಿತ್ತಲ ನುಗ್ಗೆಮರ ಗಾಳಿಗೆ ಮುರಿದದ್ದು. ಒಂಬತ್ತು ವರ್ಷ ಸಾಲಿನಲ್ಲಿ ನಿಂತು ನೋಡಿ ಬಂದವಳು, ಹೇಳದೆ ಉಳಿದದ್ದನ್ನೆಲ್ಲ ಏಕವಚನದಲ್ಲಿ ಹೇಳಿ ಮುಗಿಸಿದಳು. ಅಲ್ಲಿ ಮಂತ್ರ ನಡೆದಿತ್ತು, ಜಯಕಾರ ನಡೆದಿತ್ತು. ಅವಳಿಗೆ ಯಾವುದೂ ಕೇಳಿಸಿದಂತೆ ಕಾಣಲಿಲ್ಲ.

ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಕಣ್ಣೊರೆಸಿಕೊಂಡಳು.

“ಎಲ್ ಒತ್ಬೇಕು, ತೋರ್ಸು.”

“ನಾನೇ ಒತ್ತೀನಿ ಬಿಡಕ್ಕ.”

“ಬ್ಯಾಡ,” ಎಂದಳು. “ಅವತ್ತು ಕೊಡುವಾಗ ನನ್ನ ಯಾರೂ ಕೇಳ್ನಿಲ್ಲ. ಇವತ್ತು ನಾನೇ ಕೊಡ್ತೀನಿ.”

ಅವಳ ಬೆರಳನ್ನು ಹಿಡಿದು ಮೌಸಿನ ಎಡಗುಂಡಿಯ ಮೇಲಿಟ್ಟೆ. ಒತ್ತಿದಳು. ಚಿತ್ರ ಕಪ್ಪಾಯಿತು. ಸ್ವಲ್ಪ ಹೊತ್ತಿಗೆ ವೇದಿಕೆ ಮತ್ತೆ ಬಂತು. ಕೆಂಡದಂಥ ಕಾವಿ, ಹಳದಿ ಹಾರ, ನೆನೆದ ಹಣೆಯ ಮೇಲೆ ವಿಭೂತಿ. ಅಕ್ಕ ಕುರ್ಚಿಯಿಂದ ಎದ್ದಳು. ಅದನ್ನು ಪಕ್ಕಕ್ಕೆ ಸರಿಸಿ, ತೊಳೆದ ನೆಲದ ಮೇಲೆ ಉದ್ದಕ್ಕೆ ಬಿದ್ದು ಕೈ ಮುಂದೆ ಚಾಚಿ, “ಬುದ್ಧಿ,” ಎಂದಳು.

“ಮೇಷ್ಟ್ರೇ, ಬಣ್ಣ ಸರಿಹೋಯ್ತಾ?” ಎಂದು ಫೋನಿನಲ್ಲಿ ಪ್ರಭುಸ್ವಾಮಿ ಕೇಳುತ್ತಿದ್ದರು. “ಹೋಯ್ತು ಸಾರ್,” ಎಂದೆ.